ನನ್ನದಲ್ಲದ ಸಾಕ್ಷಿ

ಶನಿವಾರ, ಮಧ್ಯಾಹ್ನ

ನನ್ನ ಕುಳ್ಳಿಗೆ,

ಎಂದಿನ ಹಾಗೆ ಕರ್ತನ ನಾಮದಲ್ಲಿ ವಂದನೆಗಳು ಎಂದು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಗೀಟು ಕಾಣುತ್ತಿರಬಹುದು. ಆ ಹೆಸರನ್ನು ಹೋದ ಭಾನುವಾರ ನಾನು ಬೇಕಾದಷ್ಟು ಬಳಸಿಕೊಂಡಿದ್ದೇನೆ. ಈವತ್ತೂ ಅವನನ್ನು ಎಳೆದು ತರುವುದು ಬೇಡ. ನಾನೊಬ್ಬಳೇ ಬರೆಯುತ್ತೇನೆ, ನೀನೊಬ್ಬಳೇ ಓದು.

ನೀನು ಫೋನ್ ಎತ್ತುತ್ತಿಲ್ಲ. ಸರಿಯಾಗಿಯೇ ಮಾಡಿದ್ದೀಯ. ಎತ್ತಿದ್ದರೆ ನಾನು ಅತ್ತುಬಿಡುತ್ತಿದ್ದೆ, ನೀನು ಕರಗಿಬಿಡುತ್ತಿದ್ದೆ, ಆಮೇಲೆ ಇಬ್ಬರೂ ಸೇರಿ ಊಟ ಆಯಿತಾ, ಮಂಡಿನೋವು ಹೇಗಿದೆ ಎಂದು ಮಾತು ಮುಗಿಸಿಬಿಡುತ್ತಿದ್ದೆವು. ನಿನ್ನ ಅಮ್ಮನಿಗೆ ಕಣ್ಣೀರು ಎಷ್ಟು ಸಲೀಸು ಎಂದು ನಿನಗೇ ಗೊತ್ತು. ಅದಕ್ಕೇ ಅಂಗಡಿಯ ಬಾಗಿಲು ಹಾಕಿ, ಹೊಲಿಗೆ ಮಷೀನಿನ ಮೇಲೆ ಹಾಳೆ ಇಟ್ಟುಕೊಂಡು ಕೂತಿದ್ದೇನೆ. ಈಗಷ್ಟೇ ಯಾರೋ ಬಾಗಿಲು ಬಡಿದು ಪ್ಯಾಂಟಿನ ಜಿಪ್ ಹಾಕಿ ಆಯಿತಾ ಎಂದು ಕೇಳಿದರು. ಇಲ್ಲ ಎಂದೆ. ಈ ವಾರ ನನ್ನ ಕೈಯಲ್ಲಿ ಒಂದು ಹೊಲಿಗೆಯೂ ನೆಟ್ಟಗೆ ಬಂದಿಲ್ಲ, ಕುಳ್ಳಿ. ನಿನ್ನೆ ಒಬ್ಬ ವಧುವಿನ ಬಿಳಿ ಗೌನಿನ ಅಂಚನ್ನು ಒಳಗಿನದು ಹೊರಗೆ ಮಾಡಿ ಮಡಚಿ ಹೊಲಿದು, ಪೂರ್ತಿ ಬಿಚ್ಚಿದೆ.

ಅಳಿಯ ಎಂದು ಬರೆದರೆ ದೂರದವನ ಹಾಗಾಗುತ್ತದೆ. ಚಡ್ಡಿ ಹಾಕುತ್ತಿದ್ದಾಗಿಂದ ನೋಡಿದವನು, ಅವನು ಎಂದೇ ಬರೆಯುತ್ತೇನೆ. ನೀನು ಹೋದ ವಾರದ ಶುಕ್ರವಾರ ಫೋನ್ ಮಾಡಿ ಅವನ ವಿಷಯ ಹೇಳಿದೆಯಲ್ಲ, ಆಗ ನಿನ್ನ ದನಿಯಲ್ಲಿ ಎಷ್ಟೋ ಕಾಲದ ಮೇಲೆ ಒಂದು ನಗು ಇತ್ತು. ಕಾರ್ಖಾನೆ ಮುಚ್ಚಿ ಅವನು ಕೆಲಸವಿಲ್ಲದೆ ಮನೆಯಲ್ಲಿ ಕೂತ ತಿಂಗಳುಗಳಲ್ಲಿ ಕುಡಿಯಲು ಶುರು ಮಾಡಿದ್ದು, ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಬ್ಬನೇ ಕುಡಿದು ಸದ್ದಿಲ್ಲದೆ ಮಲಗುತ್ತಿದ್ದುದು, ಆಮೇಲೆ ತನ್ನಂಥವರೇ ಸೇರುವ ಒಂದು ಗುಂಪಿಗೆ ಸಂಜೆ ಹೊತ್ತು ಹೋಗಿ ಹೋಗಿ ಪೂರ್ತಿ ಬಿಟ್ಟದ್ದು, ಬಿಟ್ಟ ಮೇಲೆಯೇ ಶಾಲೆಯ ಮಕ್ಕಳ ವ್ಯಾನ್ ಓಡಿಸುವ ಕೆಲಸ ಸಿಕ್ಕಿದ್ದು. ಎಲ್ಲ ಮುಗಿದ ಮೇಲೆ ನಿಂಗೆ ಹೇಳ್ತಿದೀನಮ್ಮಾ, ಯಾರಿಗೂ ಹೇಳ್ಬೇಡ, ಹೇಳ್ಬೇಕು ಅನ್ಸಿದಾಗ ಅವರೇ ಹೇಳ್ತಾರೆ ಎಂದೆ. ನಾನು ಏನೆಂದೆ ನೆನಪಿದೆಯಾ? ಈ ಬಾಯಿಂದ ಒಂದಕ್ಷರ ಆಚೆ ಬಂದ್ರೆ ಕೇಳು ಎಂದೆ.

ಅದು ಶುಕ್ರವಾರ. ಮಧ್ಯೆ ಶನಿವಾರ ಒಂದು ಇತ್ತು. ಅದಾದ ಮೇಲೆ ಭಾನುವಾರ.

ನಮ್ಮ ಸಭೆಯಲ್ಲಿ ಹಾಡುಗಳಾದ ಮೇಲೆ ಸಾಕ್ಷಿ ಹೇಳುವ ಸಮಯ. ಕರ್ತನು ತಮಗೆ ಏನು ಮಾಡಿದ ಎಂದು ಒಬ್ಬೊಬ್ಬರೇ ಎದ್ದು ಹೇಳುವುದು. ನೀನು ಚಿಕ್ಕವಳಿದ್ದಾಗ ಅದಕ್ಕೆ ಬಹುಮಾನದ ಸ್ಪರ್ಧೆ ಎಂದು ಹೆಸರಿಟ್ಟು ನನ್ನಿಂದ ತೊಡೆಗೆ ಚಿವುಟಿಸಿಕೊಂಡಿದ್ದೆ. ಬೇಕರಿ ಚಿಕ್ಕಮ್ಮ ಎದ್ದರೆ ಹೊಟ್ಟೆಯ ಗಡ್ಡೆ ಕರಗಿದ ಕಥೆ. ನಿವೃತ್ತ ಪೋಸ್ಟ್‌ಮ್ಯಾನ್ ಎದ್ದರೆ ಲಾರಿಯ ಕೆಳಗಿಂದ ಸೈಕಲ್ ಸಮೇತ ಬದುಕಿ ಬಂದ ಕಥೆ. ಅವರು ಹೇಳಿದಾಗಲೆಲ್ಲ ಲಾರಿ ಸ್ವಲ್ಪ ಉದ್ದವಾಗುತ್ತದೆ, ಅದು ಬೇರೆ ಮಾತು. ನಾನು ಎದ್ದರೆ? ಕರ್ತನು ಈ ವಾರವೂ ಕಾಪಾಡಿದ, ಸ್ತೋತ್ರ, ಎಂದು ಕೂತುಬಿಡುತ್ತಿದ್ದೆ. ಪಕ್ಕದವರು ಕತ್ತು ತಿರುಗಿಸುವಷ್ಟರಲ್ಲಿ ಮುಗಿದಿರುತ್ತಿತ್ತು.

ನಿಮ್ಮಪ್ಪ ಹಾಸಿಗೆ ಹಿಡಿದಾಗ ಇಡೀ ಸಭೆ ಪ್ರಾರ್ಥಿಸಿತು. ನಾನಂತೂ ನೆಲಕ್ಕೆ ಬಿದ್ದು ಬೇಡಿಕೊಂಡೆ. ಅವರು ಹೋದರು. ಗುಣವಾಗದೆ ಹೋದವರ ಬಗ್ಗೆ ಎದ್ದು ನಿಂತು ಏನೆಂದು ಸಾಕ್ಷಿ ಹೇಳುವುದು? ಯಾರೂ ಏನೂ ಅನ್ನಲಿಲ್ಲ, ಪಾಪ, ಎಲ್ಲರೂ ಒಳ್ಳೆಯವರೇ. ಆದರೆ ಆಮೇಲೆ ಸಾಕ್ಷಿಯ ಸಮಯದಲ್ಲಿ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ನನ್ನ ಪ್ರಾರ್ಥನೆಯಲ್ಲೇ ಏನೋ ಐಬು ಇತ್ತು ಎಂದು ನನಗೇ ಅನ್ನಿಸಲು ಶುರುವಾಯಿತು. ಇದನ್ನು ನೆಪವೆಂದು ಹೇಳುತ್ತಿಲ್ಲ. ಹೋಗಲಿ, ನೆಪವೆಂದೇ ಹೇಳುತ್ತಿದ್ದೇನೆ, ನಿನಗೆ ಗೊತ್ತಿರಲಿ.

ಆ ಭಾನುವಾರ ನನ್ನ ಕಾಲು ನನ್ನನ್ನು ಕೇಳದೆ ಎದ್ದು ನಿಂತಿತು. ನನ್ನ ಅಳಿಯ ಕುಡಿತದ ದಾಸನಾಗಿದ್ದ ಎಂದೆ. ಪ್ರತಿ ಮುಂಜಾನೆ ಮೊಣಕಾಲೂರಿ ಬೇಡಿಕೊಂಡೆ, ಉಪವಾಸ ಹಿಡಿದೆ, ಕರ್ತನು ನನ್ನ ಮೊರೆ ಕೇಳಿ ಅವನನ್ನು ಬಿಡಿಸಿದ ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು. ಸಭೆಯೆಲ್ಲ ಹಲ್ಲೆಲೂಯ ಎಂದಿತು. ಪಾಸ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಕುಳ್ಳಿ, ನಾನು ಯಾವಾಗ ಉಪವಾಸ ಮಾಡಿದೆ? ಅವನು ಕುಡಿಯುತ್ತಿದ್ದ ಎಂದು ನನಗೆ ಗೊತ್ತಾದದ್ದೇ ಬಿಟ್ಟ ಮೇಲೆ. ಆ ಶನಿವಾರ ನಾನು ತಿಂದದ್ದು ಬೆಳಿಗ್ಗೆ ಬೆಣ್ಣೆ ಹಚ್ಚಿದ ಬ್ರೆಡ್ಡು, ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ಊಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ, ಹೊಲಿದೂ ಕೊಟ್ಟಿದ್ದೇನೆ. ಕೂಸು ಎದ್ದು ಓಡಾಡುವ ಹೊತ್ತಿಗೆ ಹೆರಿಗೆ ನೋವು ಬಂದವಳು ಮಾತ್ರ ನಾನೊಬ್ಬಳೇ ಇರಬೇಕು. ಹಲ್ಲು ಕಚ್ಚಿ ಕುಡಿತ ಬಿಟ್ಟವನು ಅವನು. ಸಂಜೆ ಆ ಗುಂಪಿನಿಂದ ಅವನು ಮನೆಗೆ ಬರುವ ತನಕ ಉಸಿರು ಬಿಗಿಹಿಡಿದು ಕಾದವಳು ನೀನು. ನಿಮ್ಮಿಬ್ಬರ ಕಷ್ಟವನ್ನು ನಾನು ಹೊಸ ಬಟ್ಟೆಯ ಹಾಗೆ ತೊಟ್ಟುಕೊಂಡು ನಾಲ್ಕು ಜನರ ಮುಂದೆ ಮೆರೆದೆ.

ಇನ್ನೂ ನಾಚಿಕೆಯ ಸಂಗತಿ ಎಂದರೆ, ನನಗೆ ಖುಷಿಯಾಯಿತು. ಸಭೆ ಮುಗಿದು ಎಲ್ಲರೂ ಟೀ ಕುಡಿಯುವಾಗ ಯಾರೋ ನನಗೆ ಕುರ್ಚಿ ಎಳೆದು ಹಾಕಿದರು. ಅಕ್ಕಾ, ನಿಮ್ಮ ಸಾಕ್ಷಿ ಕೇಳಿ ಮೈ ಜುಮ್ಮಂತು ಅಂದರು. ಪಿಯಾನೊ ನುಡಿಸುವ ಹುಡುಗಿ ಬಂದು ತನ್ನ ಅಣ್ಣನಿಗಾಗಿ ಪ್ರಾರ್ಥಿಸಿ ಎಂದು ಕೇಳಿದಳು. ನನ್ನ ಪ್ರಾರ್ಥನೆ ಬೇಕೆಂದು ಯಾರೋ ಬಂದರು, ಕುಳ್ಳಿ! ನಿಮ್ಮಪ್ಪ ಹೋದ ಮೇಲೆ ಅದೇ ಮೊದಲು. ಬೇಕರಿ ಚಿಕ್ಕಮ್ಮ ನನ್ನನ್ನು ತಬ್ಬಿಕೊಂಡು, ತನ್ನ ಕಪ್ಪನ್ನು ಎಲ್ಲಿಟ್ಟೆ ಎಂದು ಮರೆತು, ನನ್ನದರಲ್ಲೇ ಅರ್ಧ ಕುಡಿದಳು. ಅವಳ ಮರೆವು ನಿನಗೂ ಗೊತ್ತಿರುವುದೇ. ಗಡ್ಡೆ ಮತ್ತೆ ಬಾರದಿರಲಿ ಎಂದು ಡಾಕ್ಟರ್ ಬರೆದುಕೊಟ್ಟ ಮಾತ್ರೆ ನುಂಗಲು ಶುರು ಮಾಡಿದಾಗಿಂದ ಹಾಗೆ. ತಾನು ಹಾಕಿದ ಸಕ್ಕರೆ ಮರೆತು ಮತ್ತೊಮ್ಮೆ ಹಾಕಿ, ಅದನ್ನು ವಿಶೇಷ ಕೇಕು ಎಂದು ಮಾರುತ್ತೇನೆ ಎಂದು ತಾನೇ ಹೇಳಿಕೊಂಡು ನಗುತ್ತಾಳೆ.

ಸೋಮವಾರ ಬೆಳಿಗ್ಗೆ ಅವಳು ಸಭೆಯವರ ಫೋನ್ ಗುಂಪಿಗೆ ನನ್ನ ಸಾಕ್ಷಿಯನ್ನು ಬರೆದು ಹಾಕಿದಳು. ಕೆಟ್ಟ ಮನಸ್ಸಿನಿಂದಲ್ಲ. ಅದೇ ಕಷ್ಟ ಇರುವ ಬೇರೆ ಮನೆಗಳಿಗೆ ಧೈರ್ಯ ಬರಲಿ ಎಂದು. ಅದರಲ್ಲಿ, ಶಾಲೆಯ ಮಕ್ಕಳ ಗಾಡಿ ಓಡಿಸುವಾಗಲೂ ಕುಡಿದಿರುತ್ತಿದ್ದವನನ್ನು ಕರ್ತನು ಬಿಡಿಸಿದ ಎಂದು ಒಂದು ಸಾಲು ಇತ್ತು. ಯಾರೋ ಅದನ್ನು ಮತ್ಯಾರಿಗೋ ಕಳಿಸಿದರು. ಅವರು ಇನ್ಯಾರಿಗೋ. ಸಂಜೆಯೊಳಗೆ ನಿಮ್ಮೂರಿನ ಹೆಡ್‌ಮಿಸ್ ಕೈಗೆ ತಲುಪಿತು. ಮಂಗಳವಾರ ಅವನನ್ನು ಕರೆಸಿ ವ್ಯಾನಿನ ಕೀ ಇಸಿದುಕೊಂಡರು.

ಅವತ್ತು ನೀನು ಫೋನಿನಲ್ಲಿ ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ. ದೇವರಿಗೆ ಹೇಳ್ಕೊಂಡಿದ್ದು ಗುಟ್ಟಾಗೇ ಇತ್ತಮ್ಮಾ, ನಿಂಗೆ ಹೇಳಿದ್ದು ಊರೆಲ್ಲ ಆಯ್ತು ಎಂದೆ. ನಾನು ಆಗಲೂ ಬಾಯಿ ಮುಚ್ಚಲಿಲ್ಲ. ನಾನು ಸ್ತುತಿ ಮಾಡಿದ್ದು, ಚಾಡಿ ಹೇಳಿದ್ದಲ್ಲ ಎಂದು ವಾದಿಸಿದೆ. ನೀನು ಇಟ್ಟುಬಿಟ್ಟೆ. ಒಳ್ಳೆಯದು ಮಾಡಿದೆ.

ಬುಧವಾರ ಅವನು ಫೋನ್ ಮಾಡಿದ. ನಿನಗೆ ಹೇಳಿದ್ದಾನೋ ಇಲ್ಲವೋ. ಬೈಯುತ್ತಾನೆ ಎಂದು ಕಾದಿದ್ದೆ, ಬೈದಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಅತ್ತೆ, ಕುಡೀತಿದ್ದೆ ಅಂತ ಹೇಳಿದ್ರಲ್ಲ, ಅದು ನಿಜಾನೇ, ಅದಕ್ಕೆ ನಂಗೆ ಕೋಪ ಇಲ್ಲ, ಗಾಡಿ ವಿಷಯ ಮಾತ್ರ ಸುಳ್ಳು, ಅದನ್ನ ನೀವು ಹೇಳಿದ್ರಾ ಎಂದು ಕೇಳಿದ. ಇಲ್ಲಪ್ಪಾ ಎಂದೆ. ಕರ್ತನ ಮುಂದೆ ನಿಂತು ಹೇಳ್ತೀನಿ, ಇಲ್ಲ ಎಂದೆ. ಸರಿ ಬಿಡಿ ಅತ್ತೆ ಎಂದ. ಅಷ್ಟಕ್ಕೇ ನಂಬಿದ. ನಾನು ಸಭೆಯಲ್ಲಿ ಗಾಡಿಯ ಮಾತೇ ಎತ್ತಿರಲಿಲ್ಲ, ಅದನ್ನು ಇಡೀ ಸಭೆಯೇ ಬಂದು ಹೇಳುತ್ತದೆ.

ನಾನು ಇಲ್ಲ ಎಂದದ್ದನ್ನು ಕೇಳಿ ಪಾಸ್ಟರ್ ಬೇಕರಿ ಚಿಕ್ಕಮ್ಮನನ್ನು ಕರೆದು ವಿಚಾರಿಸಿದರಂತೆ. ಅವಳು ತಬ್ಬಿಬ್ಬಾದಳು. ಅಕ್ಕ ಹೇಳಿದ ಹಾಗೇ ನೆನಪು, ಆದ್ರೆ ಅಕ್ಕ ಇಲ್ಲ ಅಂದ್ರೆ ಇಲ್ಲ, ನಾನೇ ಸೇರಿಸ್ಬಿಟ್ನೇನೋ, ನನ್ನ ತಲೆ ನಿಮಗೆ ಗೊತ್ತಲ್ಲ ಎಂದಳಂತೆ. ಹಾಗೆಂದವಳು ಸುಮ್ಮನೆ ಕೂರಲಿಲ್ಲ. ಅಂಗಡಿಯನ್ನು ಗಂಡನಿಗೆ ಬಿಟ್ಟು, ಅವತ್ತೇ ಬಸ್ಸು ಹತ್ತಿ ನಿಮ್ಮೂರಿಗೆ ಬಂದು ಹೆಡ್‌ಮಿಸ್ ಎದುರು ಕೈ ಜೋಡಿಸಿ ನಿಂತಳು. ನಾನೇ ಸೇರಿಸಿರಬಹುದು ಮೇಡಂ ಎಂದಳು. ಆ ಹೆಡ್‌ಮಿಸ್ ಕಟುಕಿಯಲ್ಲ, ಆದರೆ ಬುದ್ಧಿವಂತೆ. ಇರಬಹುದು ಅನ್ನೋ ಮಾತಿಗೆ ಮಕ್ಕಳ ಗಾಡಿ ಕೊಡೋಕಾಗಲ್ಲಮ್ಮ, ಇದು ಸುಳ್ಳು ಅಂತ ಗ್ಯಾರಂಟಿಯಾಗಿ ಗೊತ್ತಿರೋರು ಬಂದು ಹೇಳಲಿ, ಸೋಮವಾರದ ತನಕ ಕಾಯ್ತೀನಿ, ಆಮೇಲೆ ಬೇರೆ ಡ್ರೈವರ್ ನೋಡ್ತೀನಿ ಎಂದರಂತೆ. ಇದು ನಿನಗೆ ಗೊತ್ತೇ ಇದೆ. ನನಗೆ ಗೊತ್ತಾದದ್ದು ಗುರುವಾರ, ಅವಳ ಬಾಯಿಂದಲೇ.

ಗುರುವಾರ ಅವಳು ಏಪ್ರನ್ ಕೂಡ ಬಿಚ್ಚದೆ ನನ್ನ ಅಂಗಡಿಗೆ ಬಂದಳು. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು, ಅಕ್ಕಾ ನಿಮ್ಮ ಮಗಳ ಅನ್ನಕ್ಕೆ ಕಲ್ಲು ಹಾಕ್ಬಿಟ್ಟೆ, ನನ್ನ ಕ್ಷಮಿಸಿ ಎಂದು ಬಿಕ್ಕಿ ಬಿಕ್ಕಿ ಅತ್ತಳು. ನಾನು ಕ್ಷಮಿಸಿದೆ ಎಂದೆ. ಅವಳಿಗಾಗಿ ಪ್ರಾರ್ಥನೆಯನ್ನೂ ಮಾಡಿದೆ. ನೀನೂ ಅವಳ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ, ಚಿಕ್ಕಂದಿನಲ್ಲಿ ನಿನಗೆ ದಿನಾ ಬನ್ನಿನ ಮೇಲಿನ ಚೆರ್ರಿ ಕಿತ್ತು ಕೊಟ್ಟವಳು.

ಇಷ್ಟು ಸಾಲದು ಎಂದು ನಿನ್ನೆ ಪಾಸ್ಟರ್ ಬಂದಿದ್ದರು. ಭಾನುವಾರ ಕರ್ತನ ಭೋಜನದ ಆರಾಧನೆ, ಬೇರೆ ಊರಿನ ಸಭೆಯವರೂ ಬರುತ್ತಾರೆ, ಗಾಡಿಯ ಗೊಂದಲ ಬಿಟ್ಟು ನಿಮ್ಮ ಸಾಕ್ಷಿಯನ್ನ ಇನ್ನೊಂದ್ಸಲ ಹೇಳಿ ಅಮ್ಮಾ ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಗಂಟಲು ಕಟ್ಟಿದೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿ ಕಳಿಸಿದೆ. ಅವರು ಬಿಸಿನೀರಿಗೆ ಜೇನು ಹಾಕಿ ಕುಡಿಯಿರಿ ಎಂದು ಹೇಳಿ ಹೋದರು. ಸಂಜೆಗೆ ಯಾರ ಕೈಲೋ ಒಂದು ಬಾಟಲಿ ಜೇನನ್ನೂ ಕಳಿಸಿದರು. ನನ್ನ ಸುಳ್ಳಿಗೆ ಜನ ಎಷ್ಟು ಉಪಚಾರ ಮಾಡುತ್ತಾರೆ ನೋಡು.

ಕುಳ್ಳಿ, ನನ್ನ ನಂಬಿಕೆ ಸುಳ್ಳಲ್ಲ. ಅದನ್ನಾದರೂ ನಂಬು. ಬೆಳಿಗ್ಗೆ ಎದ್ದು ಕರ್ತನನ್ನು ನೆನೆಯದೆ ಸೂಜಿಗೆ ದಾರ ಪೋಣಿಸಿದವಳಲ್ಲ ನಾನು. ಬಡವರ ಬಟ್ಟೆಗೆ ಒಂದು ಹೊಲಿಗೆ ಹೆಚ್ಚಿಗೆ ಹಾಕಿ ಕೊಟ್ಟಿದ್ದೇನೆ, ಕಾಯಿಲೆಯವರ ಹಾಸಿಗೆಯ ಪಕ್ಕ ಕೂತಿದ್ದೇನೆ. ಅದೆಲ್ಲ ಮಾಡುವಾಗ ಯಾರೂ ನೋಡುತ್ತಿರಲಿಲ್ಲ, ಆಗ ಸರಿಯಾಗಿಯೇ ಇದ್ದೆ. ಒಂದು ಸಲ ಎಲ್ಲರೂ ನೋಡಲಿ ಎಂದು ಎದ್ದು ನಿಂತೆ ನೋಡು, ಅಲ್ಲಿಗೆ ಎಡವಿದೆ. ಈ ನಾಲಿಗೆಗೆ ಎಲುಬಿಲ್ಲ. ನಿಮ್ಮಪ್ಪ ಇದ್ದಿದ್ದರೆ ನನ್ನ ಸೆರಗು ಎಳೆದು ಕೂರಿಸುತ್ತಿದ್ದರು.

ಅವನಿಗೆ ಹೇಳು, ಅವನು ಗೆದ್ದದ್ದು ಅವನದೇ ಎಂದು. ನಾನು ಅದರಲ್ಲಿ ಒಂದು ನೂಲನ್ನೂ ನೇಯ್ದಿಲ್ಲ. ಕೆಲಸ ಹೋದ ಬೇಜಾರಿನಲ್ಲಿ ಅವನು ಮತ್ತೆ ಅಡುಗೆಮನೆಯ ಬಾಗಿಲು ಹಾಕಿಕೊಂಡುಬಿಟ್ಟರೆ ಎಂಬ ಭಯ ಈ ವಾರವೆಲ್ಲ ನನ್ನನ್ನು ತಿಂದಿದೆ. ಈಗ ನಿಜವಾಗಿಯೂ ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದೇನೆ. ಊಟವೂ ಸೇರುತ್ತಿಲ್ಲ. ಇದನ್ನು ಉಪವಾಸ ಎಂದು ಮಾತ್ರ ಕರೆಯಲಾರೆ.

ನಿನಗೆ ಬರೆಯಲು ಮನಸ್ಸಾದರೆ ಬರೆ. ಆಗದಿದ್ದರೆ ಬೇಡ.

ನಾಚಿಕೆಯಿಂದ ತಲೆ ತಗ್ಗಿಸಿರುವ
ನಿನ್ನ ಅಮ್ಮ

ಬರೆಯಲು ಮರೆತದ್ದು: ಹೀಗೆ ಹಾಕುವುದು ರೂಢಿ. ಆದರೆ ಮರೆತಿರಲಿಲ್ಲ. ಕವರು ಅಂಟಿಸಿ ಅಂಚೆಗೆ ಹಾಕಲು ಎದ್ದಿದ್ದೆ, ಈಗ ದಾರ ಕತ್ತರಿಸುವ ಕತ್ತರಿಯಿಂದ ಬಿಡಿಸಿ ಬರೆಯುತ್ತಿದ್ದೇನೆ.

ಗಾಡಿಯ ಮಾತನ್ನು ಅವಳು ಸೇರಿಸಲಿಲ್ಲ. ನಾನೇ ಹೇಳಿದ್ದು. ಸಭೆಯಲ್ಲಲ್ಲ, ಆಮೇಲೆ, ಟೀ ಕುಡಿಯುವಾಗ, ಅವಳೊಬ್ಬಳ ಹತ್ತಿರ. ಅಷ್ಟು ಹೊತ್ತಿಗೆ ಜನ ನನ್ನನ್ನು ಬಿಟ್ಟು ಪೋಸ್ಟ್‌ಮ್ಯಾನ್ ಸುತ್ತ ಸೇರಿದ್ದರು. ಇವಳು ಮಾತ್ರ ಕಣ್ಣರಳಿಸಿ, ಅಯ್ಯೋ ಅಕ್ಕಾ, ಅವರು ಮಕ್ಕಳ ಗಾಡಿ ಓಡಿಸ್ತಾರಲ್ವಾ, ಆಗ್ಲೂ ಕುಡೀತಿದ್ರಾ ಎಂದು ಕೇಳಿದಳು. ಆ ಕಣ್ಣು ಇನ್ನೊಂದು ಚೂರು ಹಾಗೇ ಅರಳಿರಲಿ ಎಂದು ಹೂಂ ಎಂದೆ. ಒಂದೇ ಒಂದು ಹೂಂ. ಅವನು ಕೇಳಿದಾಗ ಅದನ್ನೇ ನುಂಗಿ ಇಲ್ಲ ಎಂದೆ, ಕರ್ತನ ಹೆಸರನ್ನೂ ಸೇರಿಸಿ. ಗುರುವಾರ ಅವಳು ನನ್ನ ಮುಂದೆ ಅಳುತ್ತಿದ್ದಾಗ ಅವಳ ತಲೆಯ ಮೇಲೆ ಕೈಯಿಟ್ಟು, ಕರ್ತನೇ, ಈ ನಿನ್ನ ಮಗಳ ನಾಲಿಗೆಯನ್ನು ಕ್ಷಮಿಸು ಎಂದು ಜೋರಾಗಿ ಪ್ರಾರ್ಥಿಸಿದೆ. ಅವಳು ಆಮೆನ್ ಎಂದಳು. ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು.

ನಾಳೆ ಸಭೆಯಲ್ಲಿ ಎದ್ದು ಇದನ್ನೆಲ್ಲ ಹೇಳುತ್ತೇನೆ, ಎಷ್ಟೇ ಜನ ಬಂದಿರಲಿ. ಸೋಮವಾರ ಬೆಳಿಗ್ಗೆ ಶಾಲೆ ತೆರೆಯುವ ಮುಂಚೆ ಹೆಡ್‌ಮಿಸ್ ಬಾಗಿಲಲ್ಲಿ ಇರುತ್ತೇನೆ. ನೀನು ಕರೆಯುವ ತನಕ ನಿಮ್ಮ ಮನೆ ಕಡೆ ಬರುವುದಿಲ್ಲ. ಆದರೆ ಅದಕ್ಕೆಲ್ಲ ಮೊದಲು ಈಗ, ಚಪ್ಪಲಿ ಮೆಟ್ಟಿಕೊಂಡೇ ಇದನ್ನು ಬರೆಯುತ್ತಿದ್ದೇನೆ, ಬೇಕರಿಗೆ ಹೋಗಬೇಕು. ಕವರು ಅಂಟಿಸುವಾಗ ಅವಳ ಗಂಡ ಫೋನ್ ಮಾಡಿದ್ದರು. ಗುರುವಾರದಿಂದ ಅವಳು ಗಡ್ಡೆಯ ಮಾತ್ರೆ ಮುಟ್ಟಿಲ್ಲವಂತೆ. ಮಾತ್ರೆಯಿಂದ ತಲೆ ಕೆಟ್ಟು ಒಬ್ಬರ ಮನೆ ಹಾಳು ಮಾಡ್ದೆ, ಸತ್ತರೂ ಇನ್ನು ನುಂಗಲ್ಲ ಎನ್ನುತ್ತಾಳಂತೆ. ನೀವೊಂದು ಮಾತು ಹೇಳಿ ಅಕ್ಕಾ, ನಿಮ್ಮ ಮಾತು ಅಂದ್ರೆ ಅವಳಿಗೆ ಅಷ್ಟು ನಂಬಿಕೆ ಎಂದರು.